ಒಂದಾಳು ಮುಯ್ಯಿ

ಎಂಟು ದಿನ ಬಿಟ್ಟೂ ಬಿಡದೆ ಹೊಯ್ದ ಆಷಾಢದ ಮಳೆ ಆ ಬುಧವಾರ ಬೆಳಗಿನ ಜಾವಕ್ಕೆ ನಿಂತುಹೋಗಿತ್ತು. ಹೊತ್ತು ಮೂಡುವಷ್ಟರಲ್ಲಿ ಮೋಡವೆಲ್ಲ ಪಡುವಣ ಗುಡ್ಡದಾಚೆಗೆ ಸರಿದು ಚುರುಕಾದ ಬಿಸಿಲು ಬಿತ್ತು. ಮೂಡಲಿಂದ ಒಣಗಾಳಿ ಎದ್ದಿತು. ಸೀಗೆಕೊಪ್ಪದ ಶಾಲೆಯ ಜಗಲಿಯಲ್ಲಿ ಸಂಧ್ಯಾವಂದನೆ ಮುಗಿಸಿದ ಯಜ್ಞನಾರಾಯಣ ಪಂಚಪಾತ್ರೆಯ ನೀರನ್ನು ತುಳಸಿಯ ಬುಡಕ್ಕೆ ಎರೆದು ಆ ಬಿಸಿಲಿಗೆ ಕೈಮುಗಿದ. ಈ ಒಂದು ದಿನ ಮಳೆ ಬಿಡಲಪ್ಪ ಎಂದು ಅವನು ಎಂಟು ದಿನದಿಂದ ಬೇಡಿಕೊಂಡಿದ್ದ. ಮಳೆ ಬಿಡದಿದ್ದರೆ ಹಳ್ಳ ಇಳಿಯುವುದಿಲ್ಲ. ಹಳ್ಳ ಇಳಿಯದಿದ್ದರೆ ಶಿವಮೊಗ್ಗದಿಂದ ಬರುವ ಶಾಲಾ ಇನ್‌ಸ್ಪೆಕ್ಟರರು ಈಚೆ ದಡ ಹತ್ತುವುದಿಲ್ಲ. ದೇವರು ಕೇಳಿದ್ದನ್ನು ಕೊಟ್ಟಿದ್ದ. ಕೇಳಿದಷ್ಟನ್ನೇ ಕೊಟ್ಟಿದ್ದಾನೆ ಎಂಬುದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

ಸೀಗೆಕೊಪ್ಪ ಭದ್ರಾವತಿಗೆ ಒಂದೂವರೆ ಹರದಾರಿ ದೂರ. ಕತ್ತಲಾದರೆ ಕಬ್ಬಿಣದ ಕಾರ್ಖಾನೆಯ ಕರೆಂಟು ದೀಪಗಳು ಊರ ದಿಬ್ಬದ ಮೇಲಿಂದ ಕಾಣುತ್ತಿದ್ದವು. ಹಗಲಲ್ಲಿ ಅದರ ಕೂಗು ಕೇಳಿ ಊರವರು ಹೊತ್ತು ತಿಳಿಯುತ್ತಿದ್ದರು. ಭದ್ರಾವತಿಯನ್ನು ಇನ್ನೂ ಬೆಂಕೀಪುರ ಎಂದೇ ಕರೆಯುವ ಮುದುಕರು, "ಬೆಂಕೀಪುರ ಕೂಗ್ತು, ಊಟಕ್ಕೇಳ್ರೋ" ಎನ್ನುತ್ತಿದ್ದರು. ದೀಪ ಕಂಡಿತು, ಕೂಗು ಕೇಳಿತು. ಅದಕ್ಕಿಂತ ಹೆಚ್ಚಿನದೇನೂ ಹಳ್ಳ ದಾಟಿ ಬಂದಿರಲಿಲ್ಲ. ಗಾಡಿದಾರಿ ಹಳ್ಳದ ಆಚೆಗೇ ನಿಂತಿತ್ತು. ಔಷಧಿ ಬೇಕಾದರೆ ಭದ್ರಾವತಿಗೆ ನಡೆಯಬೇಕು. ಮಳೆಗಾಲದಲ್ಲಿ ಟಪಾಲು ಕೂಡ ಇಲ್ಲ. ತಪ್ಪದೆ ಬರುತ್ತಿದ್ದದ್ದು ಚಳಿಜ್ವರ ಒಂದೇ. ಅದಕ್ಕೆ ದಾರಿ ಬೇಕಿರಲಿಲ್ಲ.

ಹೋದ ವರ್ಷ ಊರವರೇ ಬಿದಿರು ಕಡಿದು, ಹುಲ್ಲು ಹೊದಿಸಿ ಈ ಶಾಲೆ ಕಟ್ಟಿದ್ದರು. ಯಜ್ಞನಾರಾಯಣ ಬಂದು ಹನ್ನೊಂದು ತಿಂಗಳಾಗಿತ್ತು. ಊರು ಅವನಿಗೆ ಅಕ್ಕಿ, ಬೇಳೆ, ಸೌದೆ, ಮರ್ಯಾದೆ ಇಷ್ಟನ್ನು ಕೊರತೆಯಿಲ್ಲದೆ ಕೊಟ್ಟಿತ್ತು. ಸಂಬಳ ಕೊಡುವುದು ಸರ್ಕಾರದ ಸಹಾಯಧನ ಬಂದ ಮೇಲೆ. ಅದು ಬರಬೇಕಾದರೆ ತನಿಖೆಯ ದಿನ ಶಾಲೆಯ ಸೂರಿನಡಿ ಇಪ್ಪತ್ತು ಮಕ್ಕಳು ಕೂತಿರಬೇಕು. ದಾಖಲಾತಿಯಲ್ಲಿ ಇಪ್ಪತ್ತಾರು ಹೆಸರಿದ್ದವು. ಶಿವಮೊಗ್ಗದ ಕೋಟೆ ಬೀದಿಯಲ್ಲಿ, ತವರುಮನೆಯ ಹಿಂದಿನ ಕೋಣೆಯಲ್ಲಿ, ಅವನ ಹೆಂಡತಿ ಸತ್ಯಭಾಮಾ ಆ ಇಪ್ಪತ್ತು ಮಕ್ಕಳಿಗಾಗಿ ಕಾಯುತ್ತಿದ್ದಳು. ಯುಗಾದಿಗೆ ಹೋದಾಗ ಅವನು, "ಶ್ರಾವಣಕ್ಕೆ ಕರ್ಕೊಂಡು ಹೋಗ್ತೀನಿ, ಭದ್ರಾವತೀಲಿ ಒಂದು ಕೋಣೆ ನೋಡ್ತೀನಿ" ಎಂದಿದ್ದ. ಅವಳು ತಲೆ ಎತ್ತದೆ ಹೂ ಕಟ್ಟುತ್ತಲೇ, "ಯಾವ ವರ್ಷದ ಶ್ರಾವಣ ಅಂತ ಅಪ್ಪ ಕೇಳ್ತಾರೆ. ಏನು ಹೇಳ್ಲಿ?" ಎಂದಿದ್ದಳು. ಮಾವ ಕೇಳಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಬೆಳಗಿನ ಕೂಗಾಗಿ ಬಹಳ ಹೊತ್ತಾದರೂ ಶಾಲೆಗೆ ಬಂದದ್ದು ಮೂರು ಮಕ್ಕಳು. ಮೂರೂ ಚಿಕ್ಕವು, ಮೂಗು ಒರೆಸಿಕೊಳ್ಳಲು ಬಾರದಂಥವು.

"ಉಳಿದೋರೆಲ್ಲ ಎಲ್ಲಿ?"

"ನಂಜಮ್ಮನ ಮಕ್ಕಿ ಗದ್ದೆಗೆ ಹೋದ್ರು, ಸಾ. ಮುಯ್ಯಿಗೆ."

ಅವನು ಶಲ್ಯ ಹೊದ್ದು ಪಟೇಲ ಬೀರಪ್ಪನ ಮನೆಗೆ ನಡೆದ. ಬೀರಪ್ಪ ಜಗಲಿಯ ಮೇಲೆ ಎರಡು ಕಂಬಳಿ ಹೊದ್ದು, ಹಲ್ಲು ಕಟಕಟ ಎನ್ನಿಸುತ್ತ ಕೂತಿದ್ದ.

"ಬನ್ನಿ ಅಯ್ನೋರೆ. ನಿಮ್ಮ ಸಾಹೇಬ್ರಿಗಿಂತ ಮೊದ್ಲೇ ನಮ್ಮ ಸಾಹೇಬ್ರು ಬಂದವ್ರೆ. ಒಂದಿನ ಬಿಟ್ಟು ಒಂದಿನ. ಅಮಲ್ದಾರ್ರಾದ್ರೂ ಸರ್ಕೀಟು ತಪ್ಪಿಸ್ಯಾರು, ಈ ಜ್ವರ ತಪ್ಪಿಸಾಕಿಲ್ಲ."

"ಪಟೇಲ್ರೆ, ಇವತ್ತು ಬುಧವಾರ. ತಿಂಗಳಿಂದ ಹೇಳ್ಕೊಂಡು ಬಂದಿದೀನಿ."

"ಗೊತ್ತು ಮಾರಾಯ್ರೆ. ಮಳೆ ನಿಲ್ತದೆ ಅಂತ ಗೊತ್ತಿತ್ತಾ? ನೆಟ್ಟಿ ಎಲ್ರುದೂ ಮುಗೀತು, ಅವಳದೊಂದು ಉಳೀತು. ಮ್ಯಾಲಿನ ಮಕ್ಕಿ, ಜೋರು ಮಳೆ ಬಂದ್ರೇನೆ ನೀರು ನಿಲ್ಲಾದು. ಇವತ್ತು ನಿಂತೈತೆ. ಈ ಗಾಳಿ ನೋಡಿ, ಸಂಜಿಗೆ ಜರಡೀಲಿ ಹುಯ್ದಂಗೆ ಇಳ್ದು ಹೋಗ್ತದೆ. ಕೆಸರು ಬಿಗೀತದೆ, ಕಿತ್ತ ಸಸಿ ಕೊಳೀತದೆ."

"ಅದಕ್ಕೆ ಮಕ್ಕಳೇ ಯಾಕೆ?"

ಬೀರಪ್ಪ ಕಂಬಳಿಯೊಳಗಿಂದ ಕೈ ತೆಗೆದು ಬೀದಿಯನ್ನು ತೋರಿಸಿದ. "ಮನೆಮನೇಲೂ ನನ್ನಂಗೇ ಕಂಬಳಿ. ಮುಯ್ಯಾಳು ಅಂದ್ಮೇಲೆ ದೊಡ್ಡೋರು ಏಳಕಾಗದಿದ್ರೆ ಚಿಕ್ಕೋರು ಹೋಗ್ಬೇಕು. ಅಜ್ಜನ ಕಾಲದ ಕಟ್ಟು."

ಯಜ್ಞನಾರಾಯಣನಿಗೆ ಆ ಕಟ್ಟು ತಿಳಿಯದ್ದೇನಲ್ಲ. ಈ ಊರಿನಲ್ಲಿ ಕೂಲಿ ಕೊಟ್ಟು ನೆಡಿಸುವ ಶಕ್ತಿ ಯಾರಿಗೂ ಇರಲಿಲ್ಲ. ನಿನ್ನ ಗದ್ದೆಗೆ ನಾನು ಒಂದು ದಿನ, ನನ್ನ ಗದ್ದೆಗೆ ನೀನು ಒಂದು ದಿನ. ಅದೇ ಮುಯ್ಯಿ. ಅದನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ನಂಜಮ್ಮನ ಗಂಡ ಹೋದ ವರ್ಷದ ಜ್ವರದಲ್ಲಿ ತೀರಿಕೊಂಡಿದ್ದ. ಈ ಸಲ ಅವಳು ಒಬ್ಬಳೇ ಊರಿನ ಎಲ್ಲರ ಗದ್ದೆಗೂ ಇಳಿದಿದ್ದಳು, ಒಂದು ದಿನವೂ ತಪ್ಪಿಸದೆ. ಇಡೀ ಊರು ಅವಳಿಗೆ ಒಂದೊಂದು ಆಳು ಬಾಕಿ ಇತ್ತು.

"ಒಂದ್ಕೆಲ್ಸ ಮಾಡಾಣ," ಎಂದ ಬೀರಪ್ಪ ನಡುಗುತ್ತಲೇ. "ಹಳ್ಳದ ಕೆಳಗಿನ ಹಟ್ಟಿಯಿಂದ ಒಂದಿಪ್ಪತ್ತು ಮಕ್ಕಳನ್ನ ಎರವು ತರಾಣ. ಯಾವ ಮಗ ಯಾವೂರ್ದು ಅಂತ ಸಾಹೇಬ್ರಿಗೇನು ಹಣೇಲಿ ಬರ್ದು ಕಾಣ್ತದಾ?"

"ಅವರಿಗೆ ಗೊತ್ತಾಗಲ್ಲ ಪಟೇಲ್ರೆ. ನನಗೆ ಗೊತ್ತಾಗ್ತದಲ್ಲ."

"ಅದೇ ನೋಡಿ, ನಿಮ್ಮಲ್ಲಿರಾ ಐಬು ಅದೊಂದೇ," ಎಂದು ಬೀರಪ್ಪ ಕಂಬಳಿಯೊಳಕ್ಕೆ ತಲೆ ಎಳೆದುಕೊಂಡ.

ಮಕ್ಕಿ ಗದ್ದೆ ಊರಿಗೆ ಮೈಲಿಯಷ್ಟು ಮೇಲೆ, ಗುಡ್ಡದ ತೊಡೆಯ ಮೇಲಿತ್ತು. ಯಜ್ಞನಾರಾಯಣ ಬದುವಿನ ಮೇಲೆ ಹೋಗಿ ನಿಂತಾಗ ಅವನ ಶಾಲೆ ಪೂರ್ತಿ ಅಲ್ಲಿತ್ತು. ದೊಡ್ಡ ಹುಡುಗರು ಬಗ್ಗಿ ನೆಡುವ ಸಾಲಿನಲ್ಲಿದ್ದರು. ಚಿಕ್ಕವರು ಸಸಿಮಡಿಯಿಂದ ಕಟ್ಟು ಹೊತ್ತು ತಂದು ಕೆಸರಿಗೆ ಎಸೆಯುತ್ತಿದ್ದರು. ದೊಡ್ಡವರೆಂದರೆ ಐದಾರು ಹೆಂಗಸರು, ಸಸಿ ಕೀಳಲು ಕೂತಿದ್ದ ಮುದುಕ ಕರಿಯಣ್ಣ, ಸಾಲಿನ ತುದಿಯಲ್ಲಿ ನಂಜಮ್ಮ. ಅವನನ್ನು ಕಂಡದ್ದೇ ಮಕ್ಕಳು ನೆಟ್ಟಗಾದರು. ಕೆಸರು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಅಯ್ನೋರು ಬಂದ್ರು ಕಣ್ರೋ, ಮಗ್ಗಿ ಶುರು ಮಾಡಿ!" ಎಂದು ಕರಿಯಣ್ಣ ಕೂಗಿದ. ಹೆಂಗಸರು ನಕ್ಕರು. ನಂಜಮ್ಮ ನಗಲಿಲ್ಲ.

"ಎಷ್ಟು ಹೊತ್ತಿಗೆ ಮುಗೀಬಹುದು, ಕರಿಯಣ್ಣ?"

"ಬೆಂಕೀಪುರ ಮಧ್ಯಾನ್ನ ಕೂಗಿ, ಮ್ಯಾಲೊಂದು ಮಾರು ಹೊತ್ತಾಗ್ತದೆ. ಇನ್ನೆರಡು ಕೈ ಇದ್ದಿದ್ರೆ ಕೂಗಿಗೆ ಮುಂಚೇನೆ ಮುಗೀತಿತ್ತು. ನಿಮ್ಮ ಸಾಹೇಬ್ರನ್ನೂ ಕರ್ಕೊಂಡು ಬನ್ನಿ, ಇಳಿಸಾಣ."

ಇನ್‌ಸ್ಪೆಕ್ಟರರು ಬರುವುದು ಮಧ್ಯಾಹ್ನದ ಮೇಲೆ ಎಂದು ಕಾಗದದಲ್ಲಿತ್ತು. ಎರಡು ಕೈ. ಯಜ್ಞನಾರಾಯಣ ತನ್ನ ಕೈಗಳನ್ನು ನೋಡಿಕೊಂಡ. ಶಲ್ಯ ಮಡಿಸಿ ಬದುವಿನ ಮೇಲಿಟ್ಟು, ಪಂಚೆಯನ್ನು ಮೇಲಕ್ಕೆ ಕಟ್ಟಿ, ಮನಸ್ಸಿನಲ್ಲೇ ಭೂಮಿತಾಯಿಯ ಕ್ಷಮೆ ಕೇಳಿ ಕೆಸರಿಗೆ ಕಾಲಿಟ್ಟ.

"ಅಯ್ಯಯ್ಯೋ, ಬ್ಯಾಡಿ ಅಯ್ನೋರೆ!" ಎಂದಳು ನಂಜಮ್ಮ. "ನೀವು ಇಳಿಯಾದಾ? ನನಗೆ ಪಾಪ ಹಚ್ಬ್ಯಾಡಿ."

"ಬೇಗ ಮುಗಿಸೋಣ ನಂಜಮ್ಮ. ಮುಗಿದ ಮೇಲೆ ಮಕ್ಕಳನ್ನ ನನಗೆ ಬಿಟ್ಟುಕೊಡು."

"ಜನಿವಾರ ಮ್ಯಾಲಕ್ಕೆ ಸುತ್ಕಳಿ," ಎಂದ ಕರಿಯಣ್ಣ. "ಸಸಿ ಜತೀಗೆ ಅದನ್ನೂ ನೆಟ್ಟುಬಿಟ್ಟೀರಿ. ಆಮ್ಯಾಲೆ ಸುಗ್ಗೀಲಿ ಯಾರ ಪಾಲಿಗೆ ಅಂತ ಪಂಚಾಯ್ತಿ ಕೂರ್ಬೇಕಾಗ್ತದೆ."

ಕೆಸರು ಅವನು ಎಣಿಸಿದ್ದಕ್ಕಿಂತ ತಣ್ಣಗಿತ್ತು, ಎಣಿಸಿದ್ದಕ್ಕಿಂತ ಆಳವಿತ್ತು. ಅವನು ನೆಟ್ಟ ಮೊದಲ ಹತ್ತು ಸಸಿಗಳಲ್ಲಿ ಆರು ತೇಲಿದವು. ಬದುವಿನ ಮೇಲೆ ನಿಂತಿದ್ದ ಒಬ್ಬ ಹುಡುಗಿ ಅದನ್ನು ನೋಡುತ್ತಿದ್ದಳು. ಒಂಬತ್ತು ವರ್ಷವಿದ್ದೀತು. ಎಡ ಸೊಂಟದ ಮೇಲೆ ಒಂದೂವರೆ ವರ್ಷದ ಕೂಸು. ಉಳಿದ ಒಂದು ಕೈಯಿಂದಲೇ ಸಸಿಕಟ್ಟುಗಳನ್ನು ಗುರಿಯಿಟ್ಟಂತೆ ಎಸೆಯುತ್ತಿದ್ದಳು.

"ಹೆಬ್ಬೆಟ್ಟು ಬ್ಯಾರಿನ ಜತೀಗೆ ಒಳಗೆ ಹೋಗ್ಬೇಕು," ಎಂದಳು ಮೆಲ್ಲಗೆ. "ಬರೀ ಊರಿದ್ರೆ ನಿಲ್ಲಾಕಿಲ್ಲ."

ಅವನು ಹಾಗೆಯೇ ಮಾಡಿದ. ಸಸಿ ನಿಂತಿತು.

"ನಿನ್ನ ಹೆಸರೇನಮ್ಮ?"

ಹುಡುಗಿ ಕೂಸನ್ನು ಸೊಂಟದ ಮೇಲಕ್ಕೆ ಸರಿಸಿಕೊಂಡಳು. "ಪುಟ್ಟಲಕ್ಷ್ಮಿ," ಎಂದು ಸಾಲಿನ ತುದಿಯಿಂದ ನಂಜಮ್ಮ ಹೇಳಿದಳು. "ನನ್ನ ಮಗಳು. ಅವಳು ಕೂಸು ಹಿಡೀದಿದ್ರೆ ನಾನು ಯಾರ ಗದ್ದೆಗೂ ಇಳಿಯಾಂಗಿಲ್ಲ."

ಹನ್ನೊಂದು ತಿಂಗಳಲ್ಲಿ ಆ ಹುಡುಗಿ ಒಮ್ಮೆಯೂ ಶಾಲೆಯ ಹತ್ತಿರ ಸುಳಿದಿರಲಿಲ್ಲ. ಅವಳ ಹೆಸರು ದಾಖಲಾತಿಯಲ್ಲಿ ಇರಲಿಲ್ಲ ಎಂಬುದಿರಲಿ, ಅಂಥವಳೊಬ್ಬಳು ಊರಿನಲ್ಲಿದ್ದಾಳೆಂದೇ ಅವನಿಗೆ ಗೊತ್ತಿರಲಿಲ್ಲ.

ಹೆಂಗಸರು ಪದ ಹಾಡಿದರು, ಮಕ್ಕಳು ದನಿಗೂಡಿಸಿದರು. ಬಿಸಿಲೇರಿತು. ಯಜ್ಞನಾರಾಯಣನ ಸೊಂಟ ಮೊದಲು ನೋಯಿತು, ಆಮೇಲೆ ಉರಿಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಂತಾಯಿತು. ರಾಮ ರಾಮ ಎಂದುಕೊಳ್ಳುತ್ತ ಒಂದೊಂದು ಸಸಿ ಊರಿದ. ಬಗ್ಗಿದವನಿಗೆ ಕಾಣುತ್ತಿದ್ದದ್ದು ನೀರೊಂದೇ. ಅದು ಇಳಿಯುತ್ತಿತ್ತು. ಮೊದಲು ಕಣಕಾಲು ಮುಳುಗುತ್ತಿದ್ದಲ್ಲಿ ಈಗ ಪಾದದ ಗುರುತು ಹಾಗೇ ಉಳಿಯತೊಡಗಿತ್ತು.

"ಇಲ್ಲಿ ಮೇಷ್ಟ್ರು ಯಾರು?"

ಬದುವಿನ ಮೇಲೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬೂಟು ಹಿಡಿದು, ರುಮಾಲು ಸುತ್ತಿದ ವಯಸ್ಸಾದವರೊಬ್ಬರು ನಿಂತಿದ್ದರು. ಹಳ್ಳ ದಾಟಿದ ಷರಾಯಿ ಮೊಣಕಾಲವರೆಗೂ ಒದ್ದೆಯಾಗಿತ್ತು. ಮಳೆ ನಿಂತು ದಾರಿ ಸಲೀಸಾಗಿದ್ದರಿಂದ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದರು.

ಹುಡುಗರೆಲ್ಲ ಒಟ್ಟಿಗೆ ಯಜ್ಞನಾರಾಯಣನ ಕಡೆ ಬೆರಳು ತೋರಿಸಿದರು. ಅವನು ಕೆಸರಿನ ಕೈಗಳನ್ನೇ ಜೋಡಿಸಿದ.

"ನಾನು, ಸ್ವಾಮಿ."

ಇನ್‌ಸ್ಪೆಕ್ಟರರು ಅವನನ್ನು ಮೇಲಿಂದ ಕೆಳಕ್ಕೆ ನೋಡಿದರು. ಗದರಿಸಲಿಲ್ಲ. ಸುತ್ತಿ ಸುತ್ತಿ ಬೇಸತ್ತ ಮನುಷ್ಯರ ದನಿಯಲ್ಲಿ ಹೇಳಿದರು: "ಶಾಲೆ ನೋಡ್ಕೊಂಡು ಬಂದೆ. ಮೂರು ಮಕ್ಕಳಿದ್ವು. ಎರಡು ಮಲಗಿದ್ವು, ಒಂದು ಸೀಮೆಸುಣ್ಣ ತಿಂತಿತ್ತು. ಇಲ್ಲೆಷ್ಟು ಜನ ಇದಾರೆ?"

"ಹತ್ತೊಂಬತ್ತು, ಸ್ವಾಮಿ. ಒಟ್ಟು ಇಪ್ಪತ್ತೆರಡು. ಮೂರು ಗಂಟೆ ಹೊತ್ತು ಕೊಟ್ಟರೆ..."

"ಮೂರು ಗಂಟೆ ಎಲ್ಲಿ ತರ್ಲಿ? ಇದೇ ಸಹಾಯಧನಕ್ಕೆ ಹಳ್ಳದಾಚೆ ಇನ್ನೊಂದು ಶಾಲೆ ಕಾಯ್ತಿದೆ. ಇರೋದು ಒಂದೇ ಮಂಜೂರಾತಿ. ಸಂಜೆ ರೈಲಿಗೆ ನಾನು ಶಿವಮೊಗ್ಗಕ್ಕೆ ವಾಪಸ್ಸಾಗ್ಬೇಕು." ಅವರು ಕೊಡೆಯನ್ನು ಮಡಚಿ ಊರಿಕೊಂಡರು. "ಒಂದು ಕೆಲಸ ಮಾಡಿ. ಈಗಲೇ ಕೈಕಾಲು ತೊಳೆಸಿ ಶಾಲೆಗೆ ನಡೆಸ್ಕೊಂಡು ಬನ್ನಿ. ಸೂರಿನಡಿ ಕೂತು ಪಾಠ ಒಪ್ಪಿಸ್ಲಿ. ಆಮೇಲೆ ಬೇಕಾದ್ರೆ ಮತ್ತೆ ಗದ್ದೆಗೆ ಬರ್ಲಿ."

ಆಗ ದೂರದಿಂದ ಕಾರ್ಖಾನೆಯ ಮಧ್ಯಾಹ್ನದ ಕೂಗು ಬಂತು. ಯಾರೂ ಊಟದ ಮಾತೆತ್ತಲಿಲ್ಲ. ಗದ್ದೆಯ ಮೂರನೇ ಒಂದು ಪಾಲು ಇನ್ನೂ ಬರಿದಾಗಿತ್ತು. ಅದರ ಎತ್ತರದ ಮೂಲೆಯಲ್ಲಿ ನೀರು ಸರಿದು ಕೆಸರಿನ ಬೆನ್ನು ಕಾಣತೊಡಗಿತ್ತು. ಮೈಲಿ ಇಳಿದು, ಪಾಠ ಒಪ್ಪಿಸಿ, ಮೈಲಿ ಹತ್ತಿ ಬರುವಷ್ಟರಲ್ಲಿ ಅಲ್ಲಿ ಬೆರಳು ಇಳಿಯುವುದಿಲ್ಲ.

"ಕರ್ಕೊಂಡು ಹೋಗಿ ಅಯ್ನೋರೆ," ಎಂದಳು ನಂಜಮ್ಮ. ಹೇಳುವಾಗಲೂ ಅವಳು ನೆಡುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. "ನನ್ನ ಹಣೇಲಿ ಎಷ್ಟೈತೋ ಅಷ್ಟು ಬೆಳೀಲಿ. ಹೋಗಿ."

ಮಕ್ಕಳು ಯಜ್ಞನಾರಾಯಣನನ್ನು ನೋಡಿದವು. ಅವನು ಒಂದು ಮಾತು ಹೇಳಿದರೆ ಹತ್ತೊಂಬತ್ತೂ ಹಿಂದೆ ಬರುತ್ತಿದ್ದವು. ಕೋಟೆ ಬೀದಿಯ ಹಿಂಗೋಣೆ ಅವನ ಕಣ್ಣಿಗೆ ಕಟ್ಟಿತು. ಹೂ ಕಟ್ಟುವ ಬೆರಳುಗಳು, ಎತ್ತದ ತಲೆ. ಇಲ್ಲೂ ಒಬ್ಬಳು ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಗಾಳಿ ಇನ್ನೂ ಮೂಡಲಿಂದಲೇ ಬೀಸುತ್ತಿತ್ತು.

"ಇವತ್ತು ಇವರು ನನ್ನ ಮಕ್ಕಳಲ್ಲ, ಸ್ವಾಮಿ," ಎಂದ ಅವನು. "ಈಕೆಗೆ ಸಲ್ಲಬೇಕಾದ ಆಳುಗಳು. ತಾವು ಕಂಡದ್ದನ್ನ ಬರೆದುಕೊಳ್ಳಿ."

ಇನ್‌ಸ್ಪೆಕ್ಟರರು ಗದ್ದೆಯ ಕಡೆ ನೋಡಿದರು. "ಕಂಡದ್ದನ್ನೆಲ್ಲ ಬರೆಯೋಕೆ ನಮ್ಮ ಫಾರಮ್ಮಲ್ಲಿ ಜಾಗ ಇಲ್ಲ, ಮೇಷ್ಟ್ರೆ," ಎಂದರು. ಜೇಬಿನಿಂದ ಪುಸ್ತಕ ತೆಗೆದು, ಕೊಡೆಯ ಹಿಡಿಯ ಮೇಲೆ ಒತ್ತಿಟ್ಟು, ಒಂದು ಅಂಕಿ ಬರೆದರು. ಬೂಟನ್ನು ಕೈಯಲ್ಲೇ ಹಿಡಿದು ಬದುವಿನ ಮೇಲೆ ಹುಷಾರಾಗಿ ಕಾಲಿಡುತ್ತ ಇಳಿದುಹೋದರು.

ಯಜ್ಞನಾರಾಯಣ ಮತ್ತೆ ಬಗ್ಗಿದ. ಆಮೇಲೆ ಕರಿಯಣ್ಣ ಕೂಡ ತಮಾಷೆ ಮಾಡಲಿಲ್ಲ. ಕೊನೆಯ ಮೂಲೆಯಲ್ಲಿ ಸಸಿ ಊರುವಾಗ ಕೆಸರು ಉಗುರಿನ ಸಂದಿಯನ್ನು ಕೊಯ್ಯುವಷ್ಟು ಬಿಗಿದಿತ್ತು. ಆದರೂ ನೆಟ್ಟಿ ಮುಗಿಯಿತು. ಮಕ್ಕಳು ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡು, ಅವನ ಮುಖ ನೋಡಲಾರದೆ, ಸುಮ್ಮನೆ ಚದುರಿ ಮನೆಗೆ ಹೋದರು.

ಹದಿನೈದು ದಿನದ ಮೇಲೆ, ಭದ್ರಾವತಿಗೆ ಹೋಗಿಬಂದವರ ಕೈಯಲ್ಲಿ ಕಾಗದ ಬಂತು. ಸಹಾಯಧನ ಹಳ್ಳದಾಚೆಯ ಶಾಲೆಗೆ ಮಂಜೂರಾಗಿತ್ತು. ಸೀಗೆಕೊಪ್ಪದವರು ಬರುವ ವರ್ಷ ಅರ್ಜಿ ಹಾಕಿಕೊಳ್ಳಬಹುದಿತ್ತು. ಯಜ್ಞನಾರಾಯಣ ಅದನ್ನು ಎರಡು ಸಲ ಓದಿ, ಮಡಿಸಿ, ದೇವರ ಪಟದ ಹಿಂದೆ ಸಿಕ್ಕಿಸಿದ. ಶ್ರಾವಣ ಹುಟ್ಟಲು ಮೂರು ದಿನವಿತ್ತು. ಸತ್ಯಭಾಮೆಗೆ ಕಾಗದ ಬರೆಯಲು ಕೂತು, ಕ್ಷೇಮ ಎಂಬ ಮಾತಿನ ಮುಂದಕ್ಕೆ ಲೇಖನಿ ಹೋಗದೆ ಎದ್ದುಬಿಟ್ಟ. ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಮಾವನ ಪರಿಚಯದವರ ಜವಳಿ ಅಂಗಡಿಯೊಂದಿತ್ತು. ಬರವಣಿಗೆ ಬಲ್ಲವರು ಬೇಕೆಂದು ಅವರು ಹೇಳಿಕಳಿಸಿ ಬಹಳ ದಿನವಾಗಿತ್ತು. ಈ ತಿಂಗಳು ಕಳೆದರೆ ಹೊರಡುತ್ತೇನೆಂದು ಬೀರಪ್ಪನಿಗೆ ತಿಳಿಸಿದ.

ಬೀರಪ್ಪನ ಜ್ವರ ಬಿಟ್ಟಿತ್ತು, ಮೈಯ ರಕ್ತವೂ ಬಿಟ್ಟುಹೋಗಿತ್ತು. "ಹೋಗಿ ಬನ್ನಿ ಅನ್ನಾಕೆ ಬಾಯಿ ಬರಲ್ಲ," ಎಂದ. "ಇರಿ ಅನ್ನಾಕೆ ಮುಖ ಇಲ್ಲ. ಏನನ್ಲಿ ಮಾರಾಯ್ರೆ?"

ಆ ಸಂಜೆ ನಂಜಮ್ಮ ಶಾಲೆಯ ಅಂಗಳಕ್ಕೆ ಬಂದು, ಜಗಲಿ ಹತ್ತದೆ ನಿಂತಳು.

"ಅಯ್ನೋರೆ, ನಿಮ್ಮ ಗದ್ದೆ ಎಲ್ಲೈತೆ?"

"ನನಗೆಲ್ಲಿಯ ಗದ್ದೆ, ನಂಜಮ್ಮ?"

"ಶಿವಮೊಗ್ಗದ ಕಡೆ?"

"ಅಲ್ಲೂ ಇಲ್ಲ."

"ನಿಮ್ಮ ಮಾವೋರ್ದು?"

ಬೇಸರದಲ್ಲೂ ಅವನಿಗೆ ನಗೆ ಬಂತು. "ಅವರಿಗಿರೋದು ಬಾವಿಕಟ್ಟೆ, ಅದರ ಪಕ್ಕ ಒಂದು ಕರಿಬೇವಿನ ಗಿಡ."

"ಮತ್ತೆ ನಾನು ಹೆಂಗೆ ತೀರಿಸ್ಲಿ? ಒಂದಾಳು ಐತಲ್ಲ, ನಿಮ್ದು."

"ಅದೆಲ್ಲ ಬೇಡಮ್ಮ. ನಾನೇನು ಮುಯ್ಯಿಗೆ ಅಂತ ಇಳೀಲಿಲ್ಲ."

"ಇಳಿದ್ರಲ್ಲ. ಬ್ಯಾಡ ಅನ್ನಾಕೆ ಅದು ದಾನ ಅಲ್ಲ ಅಯ್ನೋರೆ. ನಮ್ಮೆಜಮಾನ್ರು ಸಾಯಾ ಹಿಂದಿನ ದಿನ ಜ್ವರದಾಗೇ ಎದ್ದು ಕೂತು, ಯಾರ್ಯಾರಿಗೆ ಆಳು ಹೋಗ್ಬೇಕು ಅಂತ ನನಗೆ ಹೇಳಿ ಹೋದ್ರು. ತೀರಿಸ್ದೆ ಇಟ್ಕಳಾದು ನಮ್ಮನೇಲಿಲ್ಲ." ಅವಳು ಬಂದಂತೆಯೇ ಹೊರಟುಹೋದಳು.

ಮರುದಿನ ಮಕ್ಕಳು ಬಂದು ಕೂತು, ಮಗ್ಗಿ ಅರ್ಧವಾಗಿತ್ತು. ನಂಜಮ್ಮ ಕಳೆ ಕೀಳಲು ಹೊರಟವಳು, ತಲೆಯ ಮೇಲೆ ಮಳೆಗೆಂದು ಎಲೆ ಹೆಣೆದ ಗೊರಗ ಹೊತ್ತು ಬಂದಳು. ಹಿಂದೆ ಪುಟ್ಟಲಕ್ಷ್ಮಿ, ಸೊಂಟದಲ್ಲಿ ಕೂಸು. ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿತ್ತು. ಈ ಸಲ ನಂಜಮ್ಮ ಜಗಲಿ ಹತ್ತಿದಳು. ಮಗ್ಗಿ ನಿಂತಿತು.

ಅವಳು ಬಗ್ಗಿ, ಮಗಳ ಸೊಂಟದಿಂದ ಕೂಸನ್ನು ಬಿಡಿಸಿ ತನ್ನ ಸೊಂಟಕ್ಕೆ ಏರಿಸಿಕೊಂಡಳು. ಕೂಸು ಅಕ್ಕನ ಕಡೆಗೆ ಕೈಚಾಚಿ ಅತ್ತಿತು. ಪುಟ್ಟಲಕ್ಷ್ಮಿಯ ಕೈಗಳು ತಾವಾಗಿಯೇ ಮುಂದೆ ಬಂದವು. ನಂಜಮ್ಮ ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

"ಒಂದಾಳು," ಎಂದಳು ಯಜ್ಞನಾರಾಯಣನಿಗೆ. "ಸಂಜೆಗಂಟ."

ಮತ್ತೆ ಅಳುವ ಕೂಸನ್ನು ಹೊತ್ತುಕೊಂಡು, ತಿರುಗಿ ನೋಡದೆ, ಗದ್ದೆಯ ದಾರಿ ಹಿಡಿದಳು.

ಯಜ್ಞನಾರಾಯಣ ಸಾಲಿನ ಕೊನೆಯಲ್ಲಿ ಜಾಗ ತೋರಿಸಿದ. ಪುಟ್ಟಲಕ್ಷ್ಮಿ ಲಂಗ ಒತ್ತಿಕೊಂಡು ಕೂತಳು. ಬರಿದಾದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು. ಎಲ್ಲ ಮಕ್ಕಳೂ ನೆಟ್ಟಗೆ ಕೂತಿದ್ದರು. ಅವಳ ಬೆನ್ನು ಮಾತ್ರ, ಎಡಗಡೆ ಕೂಸು ಇದ್ದ ಹಾಗೆಯೇ, ಬಲಕ್ಕೆ ವಾಲಿಕೊಂಡಿತ್ತು.